ಕಪ್ಪು ಗಾಜಿನಲ್ಲಿ ಪಾಟಿ

ಬಂತು, ಸ್ಪೀಕರಿನಿಂದ ಸದ್ದು ಬಂತು, ವಿಂಡೋಸ್ ಏಳುವಾಗಿನ ಆ ಸಣ್ಣ ರಾಗ, ಬಂತ್ರಿ ಲಕ್ಷ್ಮೀಬಾಯಿ ಕಾಕು ಎಂದು ಹಲ್ಲು ಕಿಸಿಯುತ್ತ ತಿರುಗಿದೆನಲ್ಲ, ನಾಚಿಕೆಗೇಡಿ — ಕಾಕು ನಗಲಿಲ್ಲ, ಅವರ ತೊಡೆಯ ಮೇಲೆ ಪಾಟಿ, ಪಾಟಿಯ ಮೇಲೆ ಬಳಪದ ಅಕ್ಷರ, ನಮ್ಮ ಭಕ್ತಿ ಹಾಡು ಅದರಾಗ ಐತಿ, ತಡೀರಿ. ಇವತ್ತು ಚತುರ್ದಶಿ, ಹೊತ್ತು ಮುಳುಗುವ ತನಕ ಕಾಕುಗೆ ಮೌನವ್ರತ, ಮಧ್ಯಾಹ್ನ ನಾನು ಬಂದಾಗಲೂ ಬಾಗಿಲಲ್ಲೇ ಬರೆದು ತೋರಿಸಿದ್ದರು, ಕರೆಂಟ್ ಹೋಗಿ ಬಂತು, ಆವಾಗಿಂದ ಕಂಪ್ಯೂಟರಿಗೆ ದನಿ ಇಲ್ಲ. ಫೈಲ್ ಕರಪ್ಟ್ ಆಗಿರತಾವ್ರಿ, ಅರ್ಧಾ ತಾಸಿನ ಕೆಲಸ ಎಂದೆ, ಗೋಕಾಕದಲ್ಲಿ ಮೂರು ತಿಂಗಳು ಕ್ಲಾಸಿಗೆ ಹೋದವನ ಜಂಬ, ನಮ್ಮೂರು ಕಲ್ಲೋಳಿ ತುಂಬ ಕಂಪ್ಯೂಟರ್ ಮಾಸ್ತರ ಎನ್ನಿಸಿಕೊಳ್ಳುವ ಚಟ. ಅರ್ಧ ತಾಸು ಮೂರು ತಾಸಾಯಿತು, ವೈರು ಕಿತ್ತು ಮತ್ತೆ ಚುಚ್ಚಿದೆ, ವಾಲ್ಯೂಮ್ ಏರಿಸಿದೆ, ಡ್ರೈವರ್ ಸಿಡಿ ಹಾಕಿದರೆ ಫೈಲ್ ಸಿಗುತ್ತಿಲ್ಲ ಎನ್ನುತ್ತದೆ, ತೆಗೆದು ಒರೆಸಿ ಹಾಕಿದರೂ ಅದೇ, ಬೆನ್ನ ಹಿಂದೆ ಕಾಕು ಕೂತಿದ್ದಾರೆ, ಬೆವರು ಕಿವಿಯ ಹಿಂದೆ ಇಳಿಯುತ್ತಿದೆ, ನನಗ ಗೊತ್ತಾಗವಲ್ದರಿ ಎನ್ನಲು ಬಾಯಿ ಬರಲಿಲ್ಲ. ನನಗೆ ಗಟ್ಟಿಯಾಗಿ ಬರುವುದು ಒಂದೇ, ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕುವುದು. ಇದ್ದುದೆಲ್ಲ ಹೋಗುತ್ತದೆ, ಮುಂದುವರಿಯಲೇ, ಹೌದಾದರೆ ವೈ ಒತ್ತು ಎಂದು ಕಪ್ಪು ಪರದೆ ಕೇಳಿತು, ಅದು ನನ್ನನ್ನು ಕೇಳಿತು, ನಾನು ಕಾಕುವನ್ನು ಕೇಳಬೇಕಿತ್ತು, ಇದರಾಗ ಏನರ ಇಟ್ಟೀರೇನ್ರಿ, ಒಂದೇ ಮಾತು — ಆಗಲೇ ಆ ಕಪ್ಪು ಗಾಜಿನಲ್ಲಿ ಬೆಳ್ಳಗೆ ಏನೋ ಎದ್ದಿತು, ತಿರುಗುಮುರುಗು ಅಕ್ಷರ, ಪಾಟಿ, ಕಂಡಿತು, ಓದಲಾಗಲಿಲ್ಲ, ತಿರುಗಿದ್ದರೆ ಓದಬಹುದಿತ್ತು, ಯಾಕ ಇಷ್ಟೊತ್ತು ಎಂದೇ ಬರೆದಿರುತ್ತಾರೆ ಎಂದುಕೊಂಡು ತಿರುಗಲಿಲ್ಲ, ವೈ ಒತ್ತಿದೆ.

ಭಕ್ತಿ ಅವರ ಮಗಳು, ಜೈನ ದೀಕ್ಷೆ ತೆಗೆದುಕೊಂಡು ಮಾತಾಜಿಯಾಗಿ ಎರಡು ವರ್ಷ, ಹೆಸರೂ ಈಗ ಬೇರೆ, ಎದುರು ಸಿಕ್ಕರೆ ಹೆತ್ತವಳೇ ಕೈ ಮುಗಿಯಬೇಕು, ಮಗಳೇ ಎನ್ನುವಂತಿಲ್ಲ, ಮನೆ ಬಿಡುವ ಹಿಂದಿನ ದಿನ ರೊಟ್ಟಿ ಬಡಿಯುತ್ತ ಹಾಡಿದ್ದನ್ನು ಅಣ್ಣ ಪ್ರತೀಕ ಮೈಕು ಹಿಡಿದು ಇದರಲ್ಲಿ ತುಂಬಿಸಿಟ್ಟಿದ್ದನಂತೆ, ರೊಟ್ಟಿಯ ಪಟಪಟವೂ ಕೇಳುತ್ತಿತ್ತಂತೆ, ಕಾಕು ದಿನಾ ಒಮ್ಮೆ ಹಚ್ಚಿಕೊಂಡು ಕೂರುತ್ತಿದ್ದರಂತೆ — ಹೊತ್ತು ಮುಳುಗಿದೆ, ಬಾಯಿ ಬಿಟ್ಟಿದ್ದಾರೆ, ಇದೆಲ್ಲ ಅವರೇ ಹೇಳುತ್ತಿದ್ದಾರೆ, ಬಯ್ಯಲಿ, ಬೈದರೆ ಬದುಕಿಕೊಂಡೆ. ತಿರುಗಿ ಬರೂದಿಲ್ಲೇನ್ರಿ ಮಾಸ್ತರ. ಇಲ್ರಿ ಕಾಕು, ನಾ ಪಾಟಿ ನೋಡಲಿಲ್ರಿ. ಥೂ, ಎಷ್ಟು ಸಲೀಸಾಗಿ ಬಂತು, ಗೊತ್ತಾಗವಲ್ದು ಎನ್ನಲು ಬಾರದ ಇದೇ ಬಾಯಿಗೆ. ನೀವು ಹೆಂಗ ನೋಡ್ತೀರಿ, ಬೆನ್ನಿಗೇನ ಕಣ್ಣಿರತಾವು, ನಾನಽ ಒದರಬೇಕಿತ್ತು, ವ್ರತ ಮುರೀತೈತಿ ಅಂತ ತುಟಿ ಕಚ್ಚಿ ಕೂತೆ ನೋಡ್ರಿ, ನಂದಽ ತಪ್ಪು. ಇಲ್ಲ, ನನಗೆ ನಾನೇ ಅನ್ನುತ್ತೇನೆ, ಹೇಳು ಬಸವಲಿಂಗ, ಈಗಲಾದರೂ ಹೇಳು, ನೋಡಿದ್ದೆ ಅನ್ನು, ಒಂದು ಮಾತು, ಕಾಕು ಇನ್ನು ಪ್ರತಿ ಚತುರ್ದಶಿಗೂ ತಮ್ಮ ಮೌನವನ್ನೇ ಬೈದುಕೊಳ್ಳುತ್ತಾರೆ — ಆದರೆ ನನ್ನ ಕೈ ಕಂಪ್ಯೂಟರನ್ನು ಬಂದ್ ಮಾಡುತ್ತದೆ, ಹೊಸ ಸ್ಪಷ್ಟ ಸದ್ದು ಮಾಡಿಯೇ ಆರುತ್ತದೆ, ಗಾಜು ಕಪ್ಪಾಗುತ್ತದೆ, ಗಾಜಿನಲ್ಲಿ ಕಾಕು ಸೆರಗಿನಿಂದ ಪಾಟಿ ಒರೆಸುತ್ತಿದ್ದಾರೆ, ಒರೆಸಿದರು, ಏನೂ ಇಲ್ಲ ಅದರಲ್ಲಿ, ಆದರೂ ಬೆಳ್ಳಗೆ, ತಿರುಗುಮುರುಗು, ವೈ ಮೇಲೆ ನನ್ನ ಬೆರಳು, ಪಾಟಿ, ಕಪ್ಪು ಗಾಜಿನಲ್ಲಿ ಪಾಟಿ.