ರಜೆಯ ದಿನದ ಪುಡಿ

ಹೆಂಡತಿ ತೀರಿಕೊಂಡ ಮೇಲೆ, ಗೋಡೆಗಳ ಜೊತೆ ಮಾತಾಡಿ ಸಾಕಾಗಿ ಜಿಮ್ ಸೇರಿದೆ. ಅಲ್ಲಿ ನೋಡಿದರೆ ಎಲ್ಲರ ಕಿವಿಯಲ್ಲೂ ಇಯರ್‌ಫೋನು! ಭಾರ ಎತ್ತುವ ಮುಂಚೆ ಕುಡಿಯಿರಿ ಎಂದು ಕೋಚ್ ಅಮೈನೊ ಆಸಿಡ್ ಪುಡಿ ಕೊಟ್ಟ. ಕುಡಿದ ಸ್ವಲ್ಪ ಹೊತ್ತಿಗೆ ಕಿವಿ, ಕೆನ್ನೆಯೆಲ್ಲ ಜುಮುಜುಮು ಎಂದವು.

"ಗಾಬರಿ ಬೇಡ ಅಂಕಲ್, ಆ ಪುಡಿನೇ ಹಾಗೆ. ಅರ್ಧ ಚಮಚ ಹಾಕ್ಕೊಳ್ಳಿ, ನಿಂತುಹೋಗುತ್ತೆ."

"ನಿಲ್ಲಿಸು ಅಂತ ನಿನ್ನನ್ನ ಯಾರಯ್ಯಾ ಕೇಳಿದ್ದು?" ಎಂದು ರೇಗಿದೆ.

ಭಾನುವಾರ ಜಿಮ್‌ಗೆ ರಜೆ. ಆದರೂ ಚಮಚದ ತುಂಬ ಪುಡಿ ಕಲಸಿ ಕುಡಿದೆ. ಮಂಚದಲ್ಲಿ ನನ್ನ ಬದಿಗೇ ಕೂತು, ಕಣ್ಣು ಮುಚ್ಚಿ ಕಾದೆ. ಮೊದಲು ಕಿವಿಯ ಹಿಂದೆ ಶುರುವಾಯಿತು, ಆಮೇಲೆ ಮೆಲ್ಲಗೆ ಕೆನ್ನೆಗೆ ಇಳಿಯಿತು. ಅವಳ ಬೆರಳುಗಳೂ ಇದೇ ದಾರಿಯಲ್ಲಿ ಬರುತ್ತಿದ್ದವು.