ಮುಚ್ಚಳಕ್ಕೆ ಕಟ್ಟಿದ ತಂತಿ

ಆಸ್ಪತ್ರೆಗಳ, ಹೋಟೆಲುಗಳ ಹಾಸುಬಟ್ಟೆಗಳನ್ನು ಒಗೆದುಕೊಡುವ ಆ ಕಾರ್ಖಾನೆಯ ಯಜಮಾನರನ್ನು ಎಲ್ಲರೂ ಉಪಾಸಕರು ಎನ್ನುತ್ತಿದ್ದರು. ಗೌರವದಿಂದ ಹುಟ್ಟಿದ ಹೆಸರು ಕ್ರಮೇಣ ಅಡ್ಡಹೆಸರಾಯಿತು. ಪ್ರತಿ ಹುಣ್ಣಿಮೆಯ ಬೆಳಿಗ್ಗೆ ಅವರು ಕೆಲಸಗಾರರನ್ನು ಸಾಲಾಗಿ ನಿಲ್ಲಿಸಿ ಪಂಚಶೀಲವನ್ನು ಹೇಳಿಸುತ್ತಿದ್ದರು: ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಕಾಮದಲ್ಲಿ ತಪ್ಪಿ ನಡೆಯುವುದಿಲ್ಲ, ಸುಳ್ಳಾಡುವುದಿಲ್ಲ, ಅಮಲೇರಿಸುವುದನ್ನು ಮುಟ್ಟುವುದಿಲ್ಲ. ವ್ರತ ಹಿಡಿದವರ ತುಟಿ ಆರುವ ಮೊದಲೇ "ಹೂಂ, ಬೇಗ ಬೇಗ" ಎಂಬ ಕೂಗು ಬೆನ್ನಟ್ಟುತ್ತಿತ್ತು.

ಒಗೆದ ಬಟ್ಟೆಯ ನೀರು ಹಿಂಡಲು ಅಲ್ಲೊಂದು ದೊಡ್ಡ ಉಕ್ಕಿನ ಪೀಪಾಯಿಯಿದೆ. ಅದು ಗಿರ್ರನೆ ತಿರುಗುತ್ತದೆ. ಪೂರ್ತಿ ನಿಲ್ಲುವ ತನಕ ಮುಚ್ಚಳ ತೆರೆಯದಂತೆ ಒಂದು ಕೊಂಡಿಯನ್ನು ಇಟ್ಟೇ ಅದನ್ನು ಮಾಡಿದ್ದಾರೆ. ಕಾಯುವುದರಲ್ಲಿ ಹೊತ್ತು ಹಾಳೆಂದು ಉಪಾಸಕರು ಆ ಕೊಂಡಿ ಬೀಳದ ಹಾಗೆ ತಂತಿ ಕಟ್ಟಿಸಿದರು. ಕಟ್ಟಿದವನು ಮೇಸ್ತ್ರಿ. ತಿರುಗುತ್ತಿದ್ದ ಪೀಪಾಯಿಯಿಂದ ಬಟ್ಟೆ ಎಳೆಯಲು ಹೋದ ಹುಡುಗನ ತೋಳನ್ನು ಒದ್ದೆ ಹಾಸುಬಟ್ಟೆ ಸುತ್ತಿಕೊಂಡು ಒಳಗೆಳೆಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಅವನ ಪ್ರಾಣ ಹೋಯಿತು.

ಅವನ ಅಕ್ಕ ಅದೇ ಕಾರ್ಖಾನೆಯ ಇಸ್ತ್ರಿ ವಿಭಾಗದವಳು. ಅವಳು ತಮ್ಮನ ಶವಕ್ಕಾಗಿ ಶವಾಗಾರದ ಬಾಗಿಲಲ್ಲಿ ಕಾಯುತ್ತಿದ್ದಾಗ ಇತ್ತ ಕಾರ್ಖಾನೆಗೆ ತನಿಖಾಧಿಕಾರಿ ಬರುವ ಸುದ್ದಿ ತಲುಪಿತು. ಮೇಸ್ತ್ರಿ ತಂತಿ ಬಿಚ್ಚಿದ. ಉಪಾಸಕರು ಎಲ್ಲರನ್ನೂ ಕೂಡಿಸಿ ಬುದ್ಧಿ ಹೇಳಿದರು.

"ಸುಳ್ಳು ಹೇಳಿ ವ್ರತ ಕೆಡಿಸ್ಕೋಬೇಡಿ, ಪಾಪ ಬರುತ್ತೆ. ಕೇಳಿದ್ರೆ ಸುಮ್ನಿರಿ. ಮೌನ ಸುಳ್ಳಲ್ಲ."

ಹೀಗೆ ಅಷ್ಟೂ ಜನರ ಶೀಲವನ್ನು ಕಾಪಾಡಲಾಯಿತು! ಸತ್ತವನೊಬ್ಬನ ಪರವಾಗಿ ಬಾಯಿ ಬಿಡಬೇಕಾಗಿದ್ದ ಹೊತ್ತಿನಲ್ಲಿ, ಸತ್ಯದ ವ್ರತವೇ ಸತ್ಯದ ಬಾಯಿಗೆ ಬಟ್ಟೆ ತುರುಕಿತು. ಅಧಿಕಾರಿ ನೆಟ್ಟಗಿದ್ದ ಕೊಂಡಿಯನ್ನು ನೋಡಿ, ಹುಡುಗನದೇ ಅಜಾಗರೂಕತೆ ಎಂದು ತೀರ್ಮಾನಿಸಿ ಹೋದರು. ಅವರ ಜೀಪು ತಿರುವು ದಾಟುತ್ತಲೇ ತಂತಿ ಮತ್ತೆ ತನ್ನ ಜಾಗಕ್ಕೆ ಬಂತು. ಇಸ್ತ್ರಿಯ ಹೆಂಗಸರು ಇದನ್ನೆಲ್ಲ ಅಕ್ಕನ ಕಿವಿಯಲ್ಲಿ ಹೇಳಿ ಅತ್ತರು.

ಏಳನೆಯ ದಿನ ಕಾರ್ಖಾನೆಯಲ್ಲೇ ಭಿಕ್ಷುಗಳಿಗೆ ಊಟವಿಟ್ಟು, ಆ ದಾನದ ಪುಣ್ಯವನ್ನು ಸತ್ತವನಿಗೆ ಧಾರೆಯೆರೆಯುವುದೆಂದು ಉಪಾಸಕರು ಹೇಳಿಕಳಿಸಿದರು. ತಾಯಿ ಕಣ್ಣೊರೆಸಿಕೊಂಡು ಒಪ್ಪಿದಳು. ಮಗಳು ಒಪ್ಪಲಿಲ್ಲ.

"ತಂತಿ ಇನ್ನೂ ಹಾಗೇ ಇದೆ ಅಮ್ಮ. ಅದನ್ನ ಬಿಚ್ಚೋ ತನಕ ನಾನು ಅಲ್ಲಿ ಕೂರಲ್ಲ."

"ನಿನ್ನ ನ್ಯಾಯ ಆಮೇಲಿಟ್ಕೋ. ನನ್ನ ಮಗ ಎಲ್ಲೋ ದಾರಿ ಕಾಣದೆ ನಿಂತಿರ್ತಾನೆ. ಪುಣ್ಯ ಮುಟ್ಟಿದ್ರೆ ತಾನೆ ಅವನಿಗೆ ಒಳ್ಳೆ ಹುಟ್ಟು?"

"ಕೊಂದವರು ಹಾಕೋ ಅನ್ನದಲ್ಲಿ ಎಂಥ ಪುಣ್ಯ?"

"ಬಾ ಅಂದ್ರೆ ಬಾ. ಬಂದು ಬಾಯ್ಮುಚ್ಕೊಂಡು ಕೂತ್ಕೋ."

"ಅವರೂ ಅದನ್ನೇ ಅಲ್ವಾ ಹೇಳಿದ್ದು?"

ತಾಯಿ ಸೆರಗು ಸರಿಮಾಡಿಕೊಂಡಳು. ಅವಳನ್ನು ಒಬ್ಬಳೇ ಕಳಿಸಲಾರದೆ ಕೊನೆಗೆ ಮಗಳೂ ಹೊರಟಳು.

ಊಟದ ಕೋಣೆಯಲ್ಲಿ ಚಾಪೆ ಹಾಸಿತ್ತು. ಗೋಡೆಯಾಚೆ ಪೀಪಾಯಿ ತಿರುಗುವ ಸದ್ದು. ಪುಣ್ಯದ ದಿನವೆಂದು ಕೆಲಸ ನಿಲ್ಲಿಸುವ ರೂಢಿ ಅಲ್ಲಿರಲಿಲ್ಲ. ಹಿರಿಯ ಭಿಕ್ಷು ಇಬ್ಬರು ಕಿರಿಯರೊಂದಿಗೆ ಕುಳಿತಿದ್ದರು. ಎದುರಿಗೆ ಇಸ್ತ್ರಿಯ ಹೆಂಗಸರ ಸಾಲು, ಬಾಗಿಲ ಬಳಿ ಮೇಸ್ತ್ರಿ. ತಾಯಿಯ ಮುಂದೆ ನೀರಿನ ಹೂಜಿ, ಬಟ್ಟಲು. ಉಪಾಸಕರು ಕೈಮುಗಿದು ಎದ್ದುನಿಂತರು.

"ಯಾರನ್ನೂ ದೂರಬಾರದು. ಹಿಂದಿನ ಜನ್ಮದ್ದು ಎಂಥದೋ ಇತ್ತು, ಅನುಭವಿಸಿ ಮುಗಿಸಿದ. ಈಗ ಹಗುರಾಗಿ ಹೋಗಿದಾನೆ."

ಈ ಮಾತನ್ನು ಅವರು ಸಂಕಟದಿಂದ ಆಡಿದ್ದರೆ ಕ್ಷಮಿಸಬಹುದಿತ್ತು. ಅವರು ಆಡಿದ್ದು ನೆಮ್ಮದಿಯಿಂದ. ಕಾಣದ ಜನ್ಮದ ಮೇಲೆ ಹೊರೆ ಹಾಕಿ, ಕಾಣುವ ಕೈಯನ್ನು ತೊಳೆದುಕೊಳ್ಳುವವರಿಗೆ ಧರ್ಮವೆಂಬುದು ಸಾಬೂನಿಗಿಂತ ಹೆಚ್ಚಿನದೇನಲ್ಲ.

ಅಕ್ಕ ಕುಳಿತಲ್ಲಿಂದಲೇ ಕೇಳಿದಳು, "ಯಜಮಾನ್ರೇ, ರಾತ್ರಿ ಗೋದಾಮಿಗೆ ಬೀಗ ಯಾಕೆ ಹಾಕಿಸ್ತೀರಿ?"

"ಕಳ್ಳರು ಬರ್ತಾರಲ್ಲಮ್ಮ."

"ಬರ್ಲಿ ಬಿಡಿ. ಹಿಂದಿನ ಜನ್ಮದಲ್ಲಿ ನೀವು ಅವರದ್ದು ಕದ್ದಿರ್ತೀರಿ. ಅನುಭವಿಸಿ ಮುಗಿಸಿ ಹಗುರಾಗ್ತೀರಿ."

ಹೆಂಗಸರ ಸಾಲಿನಲ್ಲಿ ಯಾರೋ ಸೆರಗಿನೊಳಗೆ ನಕ್ಕರು. ಉಪಾಸಕರ ಮುಖ ಕೆಂಪಾಯಿತು.

"ದುಃಖದಲ್ಲಿದೀಯ, ಇರಲಿ. ಭಂತೇ, ನೀವೇ ತಿಳಿಹೇಳಿ."

ಹಿರಿಯ ಭಿಕ್ಷುವಿನ ವಿಹಾರಕ್ಕೆ ಹೆಂಚಿನ ಮಾಡು ಹಾಕಿಸಿಕೊಟ್ಟವರು ಇದೇ ಉಪಾಸಕರು. ಭಿಕ್ಷು ನೆಲ ನೋಡುತ್ತಲೇ ಹೇಳಿದರು.

"ಪ್ರತಿ ನೋವೂ ಹಿಂದಿನ ಕರ್ಮದಿಂದಲೇ ಬರುತ್ತೆ ಅಂತ ಬುದ್ಧ ಹೇಳಲಿಲ್ಲ. ಕಾಯಿಲೆಯಿಂದ ಬರುತ್ತೆ, ಹವೆಯಿಂದ ಬರುತ್ತೆ, ಇನ್ನೊಬ್ಬರ ಕೈಯಿಂದಲೂ ಬರುತ್ತೆ. ಮನಸ್ಸು ಮಾಡಿ ಮಾಡಿದ್ದು ಕರ್ಮ."

"ನನ್ನ ತಮ್ಮ ಮನಸ್ಸು ಮಾಡಿದ್ದು ಬಟ್ಟೆ ತೆಗೆಯೋಕೆ. ತಂತಿ ಕಟ್ಟೋಕೆ ಮನಸ್ಸು ಮಾಡಿದ್ದು ಯಾರು ಭಂತೇ?"

"ಊಟದ ಹೊತ್ತು ಮೀರ್ತಾ ಇದೆ, ತಾಯಿ" ಎಂದರು ಭಿಕ್ಷು ಮೆಲ್ಲಗೆ. ಮಧ್ಯಾಹ್ನ ದಾಟಿದರೆ ಅವರು ಉಣ್ಣುವಂತಿಲ್ಲ, ನಿಜ. ಆದರೆ ಇಷ್ಟನ್ನೂ ಬಲ್ಲವರು ಕೇಳುವ ತನಕ ಏಕೆ ಸುಮ್ಮನಿದ್ದರು? ಕೇಳಿದ ಮೇಲೂ ಅರ್ಧಕ್ಕೆ ಏಕೆ ನಿಲ್ಲಿಸಿದರು? ಮಾಡಿನ ಹಂಗು ತಲೆಯ ಮೇಲಷ್ಟೇ ಇರುವುದಿಲ್ಲ, ನಾಲಿಗೆಯ ಮೇಲೂ ಇರುತ್ತದೆ.

ಧಾರೆ ಎರೆಯಲು ತಾಯಿಗೆ ಸನ್ನೆಯಾಯಿತು. ಆಕೆ ಹೂಜಿ ಎತ್ತಿಕೊಂಡಳು. ಗೋಡೆಯ ಕಡೆ ಕಿವಿಗೊಟ್ಟಳು.

"ಮೇಸ್ತ್ರಿ, ಅಲ್ಲಿ ತಿರುಗ್ತಿರೋದು ಅದೇ ಏನಪ್ಪ?"

ಮೇಸ್ತ್ರಿ ಉಪಾಸಕರ ಮುಖ ನೋಡಿದ.

"ಅವರನ್ನ ಯಾಕೆ ನೋಡ್ತೀಯ? ನಿನ್ನನ್ನ ಕೇಳಿದ್ದು."

"ಅದೇ ಅಮ್ಮ."

"ತಂತಿ ಇದೆಯಾ?"

ಕೋಣೆಯಲ್ಲಿ ಎಲ್ಲರೂ ವ್ರತ ಪಾಲಿಸುತ್ತಿದ್ದರು. ಕೊನೆಗೆ ಅದನ್ನು ಮುರಿದವನು ಮೇಸ್ತ್ರಿ.

"ಇದೆ."

"ಯಾರು ನಿಂತಿದಾರೆ ಅದರ ಮುಂದೆ?"

"ನನ್ನ ಅಳಿಯ."

ತಾಯಿ ಹೂಜಿಯನ್ನು ಕೆಳಗಿಟ್ಟಳು.

"ತಂತಿ ಬಿಚ್ಚಿದ್ಮೇಲೆ ಹುಯ್ತೀನಿ."

ಉಪಾಸಕರು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು, "ಹೊತ್ತು ದಾಟಿದ್ರೆ ಭಿಕ್ಷುಗಳು ಉಣ್ಣಲ್ಲ, ದಾನ ಹಾಳಾಗುತ್ತೆ. ನಿಮ್ಮ ಮಗನ ಗತಿ ಏನು, ಯೋಚಿಸಿ ಅಮ್ಮ."

"ನನ್ನ ಮಗ ನಿಧಾನಸ್ಥ ಸ್ವಾಮಿ, ಕಾಯ್ತಾನೆ. ಅವನಿಗೆ ಅವಸರ ಕಲಿಸಿದ್ದು ನೀವು."

ಮಗಳು ತಾಯಿಯ ಪಕ್ಕಕ್ಕೆ ಸರಿದು ಕುಳಿತಳು. ಹಿರಿಯ ಭಿಕ್ಷು ತಮ್ಮ ಪಾತ್ರೆಯನ್ನು ನೆಲದ ಮೇಲೆ ಬೋರಲು ಹಾಕಿದರು. ಈ ದಾನ ಒಲ್ಲೆ ಎಂಬುದಕ್ಕೆ ಭಿಕ್ಷುಗಳು ಬಲ್ಲ ಅತ್ಯಂತ ಕಠಿಣವಾದ ಮಾತು ಅದು. ಕಿರಿಯರೂ ಹಾಗೆಯೇ ಮಾಡಿದರು.

"ಆ ಮಾಡು ಯಾರು ಹಾಕಿಸಿದ್ದು ಅಂತ ಮರೆತುಹೋಯ್ತೇ ನಿಮಗೆ?" ಉಪಾಸಕರ ಬಾಯಿಂದ ಕಡೆಗೂ ಸತ್ಯ ಹೊರಬಿತ್ತು.

"ಮರೆತಿಲ್ಲ. ಮರೀಬೇಕಿತ್ತು" ಎಂದರು ಭಿಕ್ಷು.

ಮೇಸ್ತ್ರಿ ಎದ್ದ. ಬಾಗಿಲ ಬಳಿಯ ಮೊಳೆಯಿಂದ ಇಕ್ಕಳ ತೆಗೆದುಕೊಂಡ.

"ಏಯ್, ಎಲ್ಲಿಗೆ? ಹೋದ್ರೆ ನಾಳೆಯಿಂದ ಬರಬೇಡ."

"ಆಯ್ತು ಧಣಿ" ಎಂದು ಹೋದ. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯ ಸದ್ದು ಇಳಿಯಿತು, ಸಣ್ಣಗಾಯಿತು, ನಿಂತಿತು. ಅವನು ತಿರುಗಿ ಬಂದು ತಂತಿಯ ತುಂಡನ್ನು ಚಾಪೆಯ ಮೇಲೆ ಹಾಕುವಷ್ಟರಲ್ಲಿ ಹೊತ್ತು ನೆತ್ತಿ ದಾಟಿತ್ತು. ಅಡುಗೆ ತಪ್ಪಲೆಗಳಲ್ಲಿ ಹಾಗೆಯೇ ಉಳಿಯಿತು. ಉಪಾಸಕರು ಬಾಗಿಲನ್ನು ದಢಾರನೆ ಎಳೆದುಕೊಂಡು ಹೊರಟುಹೋದರು.

ತಾಯಿ ಗಾಬರಿಯಿಂದ ಭಿಕ್ಷುವನ್ನು ನೋಡಿದಳು. "ನೀವು ಉಣ್ಣಲಿಲ್ಲ ಭಂತೇ. ಇನ್ನು ನಾನು ಅವನಿಗೆ ಏನಂತ ಹುಯ್ಯಲಿ?"

"ಒಬ್ಬ ಹುಡುಗನ ಪ್ರಾಣಭಯ ಹೋಯ್ತಲ್ಲ ತಾಯಿ. ಅದಕ್ಕಿಂತ ದೊಡ್ಡ ದಾನ ನನಗೆ ಗೊತ್ತಿಲ್ಲ. ಅದನ್ನೇ ಕೊಡಿ."

"ಅದು ಮೇಸ್ತ್ರಿ ಮಾಡಿದ್ದು. ಬಾಪ್ಪ, ನೀನೂ ಕೈ ಹಚ್ಚು."

ಮೇಸ್ತ್ರಿ ಹಿಂದೆ ಸರಿದ. "ಕಟ್ಟಿದ ಕೈಯೂ ಇದೇ ಅಮ್ಮ."

"ಗೊತ್ತು. ಹಿಡಿ."

ಇಬ್ಬರೂ ಹೂಜಿ ಹಿಡಿದು ಎರೆದರು. ಬಟ್ಟಲು ತುಂಬಿ ನೀರು ಚಾಪೆಗೆ ಹರಿಯಿತು. ತಾಯಿ ಮಗನ ಹೆಸರನ್ನು ಮೂರು ಸಲ ಉಸುರಿದಳು.

ಅಕ್ಕ ತಂತಿಯನ್ನು ಎತ್ತಿಕೊಂಡು ಚೀಲದಲ್ಲಿ ಹಾಕಿದಳು. "ಮೇಸ್ತ್ರಿ, ಏಳಿ. ತನಿಖಾಧಿಕಾರಿ ಕಚೇರಿ ಮುಚ್ಚೋದ್ರೊಳಗೆ ಹೋಗಬೇಕು."

"ಇವತ್ತೇ ಏನವ್ವ?"

"ನಾಳೆಗೆ ನಿಮಗೆ ಮೌನ ನೆನಪಾಗುತ್ತೆ."

"ಇರು, ನಾನೂ ಬರ್ತೀನಿ" ಎಂದು ತಾಯಿ ಬಾಗಿಲಲ್ಲಿ ಚಪ್ಪಲಿ ಹುಡುಕತೊಡಗಿದಳು. "ಅವರು ನಿನ್ನ ಮಾತು ಕೇಳ್ದೆ ಹೋದ್ರೆ ನಾನು ಹೇಳ್ಬೇಕಲ್ಲ."