ಪ್ಲೈವುಡ್ ಕಮಲ

ಮಂಗಳಗ್ರಹದ ಮೇಲೆ ಪುಟ್ಟ ಗಾಡಿಯೊಂದು ಓಡಿದ ಸುದ್ದಿ ಪೇಪರಿನಲ್ಲಿ ಬಂತು. ತೊಂಬತ್ತೇಳನೇ ಇಸವಿಯ ಆ ಮಳೆಗಾಲದಲ್ಲೇ ಚಿಂತಾಮಣಿಯ ಖಾಸಗಿ ಪಾಲಿಟೆಕ್ನಿಕ್ಕೊಂದರ ಪ್ರಿನ್ಸಿಪಾಲ್ ಚೆನ್ನರಾಯಪ್ಪನವರಿಗೆ ಬಾಹ್ಯಾಕಾಶದ ಹುಚ್ಚು ಹಿಡಿಯಿತು. ಬೆಂಗಳೂರಿನ ಸಂಘವೊಂದು ಸ್ಪರ್ಧೆ ಏರ್ಪಡಿಸಿತ್ತು. ಅಂಥ ಗಾಡಿಯ ಬೆನ್ನಿಗೆ ಮಡಚುವ ಸೋಲಾರ್ ಫಲಕ ಮಾಡಬೇಕು; ಅದು ಒಂದೇ ಒಂದು ಟಾರ್ಚ್ ಸೆಲ್ಲಿನ ಬಲದಿಂದ ತಾನಾಗಿ ಬಿಚ್ಚಿಕೊಳ್ಳಬೇಕು. ಸುತ್ತೋಲೆ ಎರಡು ಪುಟದ್ದು. ಚೆನ್ನರಾಯಪ್ಪನವರು ಓದಿದ್ದು ಬಹುಮಾನ ಕೊಡುವ ಗಣ್ಯರ ಹೆಸರಿದ್ದ ಸಾಲನ್ನು ಮಾತ್ರ.

ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಿದ್ದ ವೆಂಕಟರತ್ನಮ್ಮ ಎರಡೂ ಪುಟ ಓದಿದ್ದಳು. ಪ್ರಿನ್ಸಿಪಾಲರು ಬಡಗಿಯನ್ನು ಕರೆಸಿ, ಎಸಳುಗಳೇ ಫಲಕಗಳೆಂದು, ಪ್ಲೈವುಡ್ಡಿನಲ್ಲಿ ನಾಲ್ಕೆಸಳಿನ ಕಮಲ ಕೊರೆಸಿದರು. ಎಸಳಿಗೊಂದು ಮೋಟರು, ಬಾಗಿಲಿಗೆ ಹಾಕುವ ಹಿತ್ತಾಳೆ ಕೀಲು, ಅಂಚಿಗೆ ಜರಿ ಕಾಗದ. ಎತ್ತಲು ಇಬ್ಬರು ಬೇಕಿತ್ತು.

"ಸಾರ್, ಒಂದು ಸೆಲ್ಲಲ್ಲಿ ನಾಲ್ಕು ಮೋಟರು ಅಲ್ಲಾಡೋದಿಲ್ಲ."

"ನೋಡೋರ ಕಣ್ಣಿಗೆ ಚೆನ್ನಾಗಿರ್ಬೇಕು ಕಣಮ್ಮ. ಅದೇನು ನಿನ್ನ ಕೈಲಿ? ಅಳತೆ ಟೇಪನ್ನ ತುಂಡು ಮಾಡಿದ್ದೀಯ!" ಎಂದು ನಕ್ಕರು. ಜೊತೆಗಿದ್ದ ಮೇಷ್ಟ್ರುಗಳೂ ನಕ್ಕರು; ಪ್ರಿನ್ಸಿಪಾಲರು ನಕ್ಕಾಗ ನಗುವುದು ಅವರ ಸರ್ವೀಸಿನ ಭಾಗವೇ ಆಗಿತ್ತು.

ವೆಂಕಟರತ್ನಮ್ಮನಿಗೆ ಸಿಟ್ಟು ಬರಲಿಲ್ಲ. ಇಂಥವರ ಮೇಲೆ ಸಿಟ್ಟೂ ದಂಡ ಅನ್ನಿಸಿತು. ಒಂದು ಕಾಲೇಜು ಎರಡು ಮಾದರಿ ಕಳಿಸಬಹುದೆಂದು ಎರಡನೇ ಪುಟದಲ್ಲಿತ್ತು. ಅವಳು ಟೇಪಿನ ತುಂಡುಗಳನ್ನಿಟ್ಟು ತಾನೇ ಮಾಡಿದ ಮಾದರಿಯನ್ನು ಬಟ್ಟೆ ಚೀಲದಲ್ಲಿಟ್ಟುಕೊಂಡು, ಮೊದಲ ಸುತ್ತಿನ ಆಯ್ಕೆ ನಡೆಯಲಿದ್ದ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದಳು.

ಅಲ್ಲಿ ಆಯ್ಕೆ ಮಾಡುತ್ತಿದ್ದವರು ಬಯ್ಯಪ್ಪ ಎಂಬ ನಿವೃತ್ತ ಎಂಜಿನಿಯರು. ಪ್ರಿನ್ಸಿಪಾಲರು ಕಮಲಕ್ಕೆ ಕಾರಿನ ಬ್ಯಾಟರಿ ಜೋಡಿಸಿದ್ದನ್ನು ಕಂಡು, "ಇದನ್ನ ತೆಗೀರಿ" ಎಂದು ಒಂದು ಸೆಲ್ ಕೊಟ್ಟರು. ಕಮಲ ಒಮ್ಮೆ ಗುಂಯ್ ಎಂದು ಸುಮ್ಮನಾಯಿತು.

ವೆಂಕಟರತ್ನಮ್ಮ ತನ್ನ ಮಾದರಿಗೆ ಅದೇ ಸೆಲ್ ಹಾಕಿದಳು. ಸಣ್ಣ ತಂತಿ ಕಾದು, ಮಡಿಕೆಗಳನ್ನು ಬಿಗಿದಿದ್ದ ನೈಲಾನ್ ದಾರ ಸುಟ್ಟು ತುಂಡಾಯಿತು. ಮೂರು ತೆಳು ಫಲಕಗಳು ಪಟಪಟನೆ ಬಿಚ್ಚಿಕೊಂಡು ನೆಟ್ಟಗೆ ನಿಂತವು.

ಚೆನ್ನರಾಯಪ್ಪನವರು ತಕ್ಷಣ ಮುಂದೆ ಬಂದರು. "ಇದೂ ನಮ್ದೇ ಸಾರ್. ನನ್ನ ಮಾರ್ಗದರ್ಶನದಲ್ಲೇ ಮಾಡಿಸ್ದೆ."

"ಹೌದಾ? ಈ ಉಕ್ಕಿನ ಟೇಪು ಯಾಕೆ?" ಬಯ್ಯಪ್ಪ ಕೇಳಿದರು.

"ಅದು... ಅಳತೆ ಸರಿಯಾಗಿ ಬರ್ಲಿ ಅಂತ."

ಸಭೆಯಲ್ಲಿ ಯಾರೋ ಕೆಮ್ಮಿದರು. ವೆಂಕಟರತ್ನಮ್ಮ ಅವಸರ ಮಾಡಲಿಲ್ಲ. ಪ್ರಿನ್ಸಿಪಾಲರ ಹಣೆಯಲ್ಲಿ ಬೆವರು ಒಡೆಯುವವರೆಗೂ ಕಾದು ಆಮೇಲೆ ಬಾಯಿ ತೆರೆದಳು.

"ಟೇಪು ಕೀಲಿನ ಬದಲಿಗೆ ಸಾರ್. ಮಡಚಿದ್ರೆ ಮಡಚ್ಕೊಳ್ಳುತ್ತೆ, ಬಿಟ್ರೆ ತಾನೇ ನೆಟ್ಟಗಾಗಿ ಗಟ್ಟಿ ನಿಲ್ಲುತ್ತೆ. ಮೋಟರೂ ಬೇಡ, ಚಿಲಕಾನೂ ಬೇಡ."

ಬೆಂಗಳೂರಿಗೆ ಅವಳ ಮಾದರಿಯೇ ಆಯ್ಕೆಯಾಯಿತು. ವಾಪಸು ಬಸ್ಸಿನಲ್ಲಿ ಚೆನ್ನರಾಯಪ್ಪನವರು ಬೆಂಗಳೂರಿನ ಸ್ಪರ್ಧೆಗೆ ಕಳಿಸಬೇಕಾದ ಪ್ರವೇಶದ ಫಾರಂ ತೆಗೆದರು. "ಇಬ್ರ ಹೆಸರೂ ಹಾಕಣಮ್ಮ. ಸೀನಿಯಾರಿಟಿ ಪ್ರಕಾರ ನಂದು ಮೊದಲು."

"ಹಾಕ್ಕೊಳ್ಳಿ ಸಾರ್. ಅಲ್ಲಿ ಪ್ರಶ್ನೆ ಕೇಳೋರು ನಾಲ್ಕು ಜನ ಅಂತೆ. ಉತ್ತರ ನೀವೇ ಹೇಳಿ."

ಅವರು ಫಾರಂ ಅವಳ ತೊಡೆಯ ಮೇಲಿಟ್ಟರು. ಚಿಂತಾಮಣಿಯಲ್ಲಿ ಇಳಿದವಳೇ ವೆಂಕಟರತ್ನಮ್ಮ ಅಂಚೆ ಕಚೇರಿಗೆ ಹೋಗಿ, ಒಂದೇ ಹೆಸರು ಬರೆದು, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದಳು.